ಆನ್‌ಲೈನ್‌ನಲ್ಲಿ ಕಥೆ ಬರೆಯುವವರೇ, ಓದುವವರೇ, ನಿಮ್ಮ ಅನುಭವ ಹೇಳಿ

ಕುಮಟಾದಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಕಥೆ ಹಂಚುವ ಒಂದು ಆಪ್‌ನಲ್ಲಿ ಧಾರಾವಾಹಿ ಬರೆಯುತ್ತಿದ್ದೇನೆ. ಗಂಡನ ಮನೆ ಬಿಟ್ಟು ಬಂದು ಹೊಲಿಗೆ ಅಂಗಡಿ ಹಾಕಿದ ಹೆಂಗಸಿನ ಕಥೆ, ಅವಳೇ ಹೇಳುವ ಹಾಗೆ ಬರೆದಿದ್ದೇನೆ. ಓದುವವರು ಇದ್ದಾರೆ. ಆದರೆ ಬರುವ ಮಾತೆಲ್ಲ "ಸೂಪರ್" ಅಥವಾ "ಮುಂದಿನ ಭಾಗ ಬೇಗ ಹಾಕಿ". ಒಬ್ಬರು ಏನೂ ಹೇಳದೆ ಒಂದೇ ಸ್ಟಾರ್ ಕೊಟ್ಟು ಹೋದರು. ಇನ್ನೊಬ್ಬ ಲೇಖಕರು "ನಿಮಗೆ ಐದು ಕೊಟ್ಟಿದ್ದೇನೆ, ನನಗೂ ಕೊಡಿ" ಅಂತ ಮೆಸೇಜ್ ಹಾಕಿದ್ದಾರೆ. ಇದು ನಿಮ್ಮದೇ ಕಥೆಯಾ ಅಂತ ಕೇಳುವವರು ಬೇರೆ. ನಾನೂ ಬೇರೆಯವರದ್ದು ಓದುತ್ತೇನೆ. ಇಷ್ಟವಾಗದಿದ್ದರೆ ಹೇಳಬೇಕಾ, ಸುಮ್ನೆ ಇರಬೇಕಾ ಗೊತ್ತಾಗುವುದಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಶಿರಸಿಯಿಂದ

ತಂಗೀ, ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಉಳಿದದ್ದಕ್ಕೂ ಉತ್ತರ ಅದರಲ್ಲೇ ಇದೆ. ಇಷ್ಟವಾಗದಿದ್ದರೆ ಹೇಳಬೇಕು. ಆದರೆ ಕಥೆ ಪೂರ್ತಿ ಓದಿದ ಮೇಲೆ, ಎಲ್ಲಿ ಎಡವಿತು ಅಂತ ಆ ಜಾಗ ತೋರಿಸಿ ಹೇಳಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಬ್ಬ ಹುಡುಗ, ಅಜ್ಜನ ಮನೆ ನಮ್ಮ ಕಡೆ, ಒಂದು ಕಥೆ ಹಾಕಿದ್ದ. ಆಷಾಢದ ರಾತ್ರಿ, ಹೊರಗೆ ಧೋ ಅಂತ ಮಳೆ. ಜಗುಲಿಯಲ್ಲಿ ಮನೆಮಂದಿಯೆಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಹಸಿ ಅಡಿಕೆ ಸುಲಿಯುತ್ತಿದ್ದಾರೆ. ನಮ್ಮ ಕಡೆಯವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ, ಆಷಾಢದಲ್ಲಿ ಸುಲಿಯಲು ಹಸಿ ಅಡಿಕೆ ಎಲ್ಲಿಂದ ಬಂತು?

ಅದರ ಕೆಳಗೆ ಒಬ್ಬರು ಬರೆದಿದ್ದರು: "ಹಳ್ಳಿ ಗೊತ್ತಿಲ್ಲದವರು ಹಳ್ಳಿ ಕಥೆ ಬರೆಯಬಾರದು." ಇನ್ನೊಬ್ಬರು ಬರೆದದ್ದು ಬೇರೆ ಥರ. "ಅಜ್ಜಿ ಅಡಿಕೆ ಸುಲಿಯುತ್ತಲೇ ತೂಕಡಿಸುವುದು ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಆಷಾಢದಲ್ಲಿ ತೋಟದಲ್ಲಿ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಗಡಿಬಿಡಿ. ಅಡಿಕೆ ಗೊನೆ ಕೊಯ್ಲು ದೀಪಾವಳಿ ಆಚೀಚೆ ಶುರುವಾಗುತ್ತದೆ. ಈ ದೃಶ್ಯ ಚಳಿಗಾಲಕ್ಕೆ ಹೋದರೆ ಪೂರಾ ಸರಿಯಾಗುತ್ತದೆ. ಮಳೆಯೇ ಬೇಕು ಅಂದರೆ ಆ ಮದ್ದು, ಬೋರ್ಡೋ ದ್ರಾವಣ, ಕಲಸುವುದನ್ನು ಹಾಕಿ ನೋಡಿ."

ಹುಡುಗ ಕಥೆಯನ್ನು ಚಳಿಗಾಲಕ್ಕೆ ತಂದ. ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆ ಬಂತು, ಒಲೆ ಬಂತು, ಅಜ್ಜಿ ಬೆಂಕಿಗೆ ಹತ್ತಿರ ಸರಿದು ಕೂತಳು. ಮೊದಲಿಗಿಂತ ಎಷ್ಟೋ ಚೆನ್ನಾಯಿತು. ತಪ್ಪು ಇಬ್ಬರಿಗೂ ಕಂಡಿತ್ತು, ಇಬ್ಬರೂ ಹೇಳಿದರು. ಒಬ್ಬರು ಹುಡುಗನ ಬಗ್ಗೆ ಹೇಳಿದರು, ಇನ್ನೊಬ್ಬರು ಕಥೆಯ ಬಗ್ಗೆ. ನಾನು ಕಾಮೆಂಟ್ ಬರೆದ ಮೇಲೆ ಕಳಿಸುವ ಮುಂಚೆ ಇದೊಂದನ್ನು ನೋಡುತ್ತೇನೆ: "ನೀವು" ಅಂತ ಶುರುವಾದ ವಾಕ್ಯ ಎಷ್ಟಿದೆ, "ಈ ಭಾಗ" ಅಂತ ಶುರುವಾದದ್ದು ಎಷ್ಟಿದೆ ಅಂತ.

ಅಕ್ಷರ ತಪ್ಪುಗಳನ್ನು ಎಲ್ಲರೆದುರು ಪಟ್ಟಿ ಮಾಡಬೇಡ. ಫೋನಿನಲ್ಲಿ ಟೈಪ್ ಮಾಡುವಾಗ ಒತ್ತಕ್ಷರ ಹಾರುತ್ತದೆ, ಮಾತಾಡಿ ಟೈಪ್ ಮಾಡಿಸಿದರೆ ಇನ್ನೂ ಜಾಸ್ತಿ. ಮೆಸೇಜ್ ಕಳಿಸುವ ಸೌಲಭ್ಯ ಇದ್ದರೆ ಅಲ್ಲಿ ಹೇಳು. ವಾಟ್‌ಪ್ಯಾಡ್ ಅನ್ನುವ ಕಥೆ ಆಪ್‌ನಲ್ಲಿ ಒಂದೊಂದು ಪ್ಯಾರಾದ ಪಕ್ಕದಲ್ಲೇ ಕಾಮೆಂಟ್ ಹಾಕಬಹುದು, ಜಾಗ ತೋರಿಸಿ ಹೇಳಲು ಅದು ಒಳ್ಳೆಯ ಅನುಕೂಲ. ಆದರೆ ಕಥೆಯ ಕೊನೆ ಏನಾಗುತ್ತದೆ ಅಂತ ಮಾತ್ರ ಅಲ್ಲಿ ಬರೆಯಬಾರದು, ಮುಂದೆ ಓದುವವರಿಗೆ ಅನ್ಯಾಯ.

ಸ್ಟಾರ್ ಕೊಟ್ಟು ತೆಗೆದುಕೊಳ್ಳುವ ವ್ಯವಹಾರಕ್ಕೆ ಇಳಿಯಬೇಡ. ನಾನು ಹೇಳುವುದು ಇಷ್ಟೇ: "ನಿಮ್ಮ ಕಥೆ ಓದುತ್ತೇನೆ, ಅನಿಸಿದ್ದನ್ನು ಬರೆಯುತ್ತೇನೆ. ಸ್ಟಾರ್ ಲೆಕ್ಕ ಬೇಡ." ಕೆಲವರು ಬೇಜಾರು ಮಾಡಿಕೊಂಡು ಹೋಗುತ್ತಾರೆ, ಹೋಗಲಿ. ಓದದೆ ಕೊಟ್ಟ ಐದು ಸ್ಟಾರ್‌ನಿಂದ ನಿನಗೂ ಏನೂ ತಿಳಿಯುವುದಿಲ್ಲ, ಓದುಗರಿಗೂ ದಾರಿ ತಪ್ಪುತ್ತದೆ. ಆ ಒಂಟಿ ಸ್ಟಾರ್‌ಗೆ ಉತ್ತರವೇ ಬೇಡ. "ಯಾಕೆ ಕೊಟ್ಟಿರಿ" ಅಂತ ಕೇಳಿದರೆ ಜಗಳ ಬೆಳೆಯುತ್ತದೆ, ಕಥೆ ಅಲ್ಲೇ ನಿಲ್ಲುತ್ತದೆ.

ಕಾರವಾರದಿಂದ

ಶಿರಸಿಯ ಅಕ್ಕ ಹೇಳಿದ್ದೆಲ್ಲ ಒಪ್ಪುತ್ತೇನೆ. ನಾನು "ನಿಮ್ಮದೇ ಕಥೆಯಾ" ಅನ್ನುವುದರ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಅದು ನನಗೆ ತುಂಬಾ ಕಾಡಿದ ವಿಷಯ.

ಕುಡುಕ ಗಂಡನ ಜೊತೆ ಏಗುವ ಒಬ್ಬ ಹೆಂಗಸಿನ ಕಥೆ ಬರೆದಿದ್ದೆ, "ನಾನು" ಅಂತಲೇ. ಮಾರನೇ ದಿನ ಸದಾಶಿವಗಡದಿಂದ ನಮ್ಮ ಮಾವಶಿ ಅಮ್ಮನಿಗೆ ಫೋನ್ ಮಾಡಿದಳು. "ಅಳಿಯ ಕುಡೀತಾನಂತೆ, ಹೌದಾ? ಒಂದು ಮಾತು ಹೇಳಬಾರದಿತ್ತಾ?" ಅಮ್ಮ ಅತ್ತುಬಿಟ್ಟಿದ್ದಳು. ನನ್ನ ಗಂಡ ಚಹಾ ಬಿಟ್ಟು ಬೇರೆ ಏನೂ ಕುಡಿಯುವವರಲ್ಲ. ಅವರು ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ. ಗಂಡಸು ಕೊಲೆಗಾರನ ಕಥೆ ಬರೆದರೆ ಯಾರೂ ಪೊಲೀಸರಿಗೆ ಫೋನ್ ಮಾಡುವುದಿಲ್ಲ. ಹೆಂಗಸು ಮನೆ ಬಿಟ್ಟವಳ ಕಥೆ ಬರೆದರೆ ಅವಳೇ ಮನೆ ಬಿಟ್ಟಳು ಅಂದುಕೊಳ್ಳುತ್ತಾರೆ. ಓದುಗರಲ್ಲಿ ಕೈಮುಗಿದು ಕೇಳುತ್ತೇನೆ, ಹೀಗೆ ಕೇಳಬೇಡಿ. ಪಾತ್ರದ ಬಗ್ಗೆ ಎಷ್ಟು ಬೇಕಾದರೂ ಕೇಳಿ, ಬರೆದವಳ ಸಂಸಾರದ ಬಗ್ಗೆ ಬೇಡ. ಈಗ ನಾನು ಮೊದಲ ಭಾಗದ ಮೇಲೆ "ಇದು ಕಲ್ಪನೆಯ ಕಥೆ" ಅಂತ ಒಂದು ಸಾಲು ಹಾಕುತ್ತೇನೆ. ಕೇಳುವವರು ಪೂರ್ತಿ ನಿಂತಿಲ್ಲ, ಕಡಿಮೆಯಾಗಿದ್ದಾರೆ.

"ಕಥೆ ಚೆನ್ನಾಗಿದೆ, ನಂಬರ್ ಕೊಡಿ, ಊರು ಎಲ್ಲಿ" ಅಂತ ಮೆಸೇಜ್ ಮಾಡುವವರಿಗೆ ಉತ್ತರ ಕೊಡಬೇಡಿ. ಬ್ಲಾಕ್ ಮಾಡಿ. ಅದರಲ್ಲಿ ಯಾವ ಮುಲಾಜೂ ಬೇಡ. ಮುಂದುವರಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಿಪೋರ್ಟ್ ಮಾಡಿ.

ಇದರ ಇನ್ನೊಂದು ಮುಖ ಬರೆಯುವವರಿಗೆ. ನಮ್ಮದು ಸಣ್ಣ ಊರು. ಹೆಸರು ಬದಲಿಸಿದ ಮಾತ್ರಕ್ಕೆ ಆಗುವುದಿಲ್ಲ. ಬೈತಖೋಲದ ದೋಣಿಯವನು, ಎಡಗಾಲು ಕುಂಟು, ಮೂರು ಹೆಣ್ಣುಮಕ್ಕಳು ಅಂತ ಬರೆದರೆ ಹೆಸರು ಏನಿಟ್ಟರೂ ಬಂದರಿನವರಿಗೆಲ್ಲ ಯಾರು ಅಂತ ಗೊತ್ತು. ಅವನ ಮಕ್ಕಳೂ ಫೋನಿನಲ್ಲಿ ಓದುತ್ತಾರೆ. ಕೆಲಸ ಬದಲಿಸಿ, ಊರು ಬದಲಿಸಿ, ಕುಟುಂಬ ಬದಲಿಸಿ. ಅಷ್ಟು ಬದಲಿಸಿದರೆ ಕಥೆ ಉಳಿಯುವುದಿಲ್ಲ ಅನ್ನಿಸಿದರೆ, ಆ ಮನುಷ್ಯನ ಹತ್ತಿರವೇ ಹೋಗಿ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ.

ಅಂಕೋಲಾದಿಂದ

ಮೇಲಿನ ಮಾತಿಗೆ ಒಂದನ್ನು ಸೇರಿಸುತ್ತೇನೆ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಗಂಗಾವಳಿ ನದಿಯಲ್ಲಿ ಹುಡುಕಾಟ ಸೆಪ್ಟೆಂಬರ್‌ವರೆಗೂ ನಡೆಯಿತು. ಅಂಥ ಹೊತ್ತಿನಲ್ಲಿ ಸತ್ತವರನ್ನೇ ಪಾತ್ರ ಮಾಡಿ, ಅವರ ಕೊನೇ ಗಳಿಗೆ ಹೀಗಿತ್ತು ಅಂತ ಊಹಿಸಿ ಬರೆಯುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಎಷ್ಟೇ ಚೆನ್ನಾಗಿ ಬರೆದರೂ ತಪ್ಪೇ. ಮನೆಯವರು ಇನ್ನೂ ಸುದ್ದಿಗೆ ಕಾಯುತ್ತಿರುತ್ತಾರೆ. ಮಳೆ, ಗುಡ್ಡ, ನದಿಯ ಭಯದ ಬಗ್ಗೆ ಬರೆಯಿರಿ, ನಾವೆಲ್ಲ ಅನುಭವಿಸಿದ್ದು ಅದು. ನಿಜವಾದ ಮನೆಯ ದುಃಖ ಆ ಮನೆಯವರದ್ದು.

ಹೊನ್ನಾವರದಿಂದ

ಕುಮಟಾದವರು ಕೇಳಿಲ್ಲ, ಆದರೆ ಕೇಳುವ ಕಾಲ ಬರುತ್ತದೆ, ಹಾಗಾಗಿ ಈಗಲೇ ಹೇಳಿಬಿಡುತ್ತೇನೆ. ಕದಿಯುವವರ ಬಗ್ಗೆ.

ನನ್ನ ಒಂದು ಕಥೆ ವಾಟ್ಸಾಪ್‌ನಲ್ಲಿ ಸುತ್ತಿ ನನಗೇ ವಾಪಸ್ ಬಂತು, ಕೆಳಗಿನ ಹೆಸರು ಕತ್ತರಿಸಿತ್ತು. ಇನ್ನೊಂದನ್ನು ಯಾರೋ ಓದಿ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಿದ್ದರು. ಕೇಳಿದರೆ "ಪ್ರಚಾರ ಆಗುತ್ತಲ್ಲ ಸರ್" ಅಂದರು. ಪ್ರಚಾರ ಬೇಕಾ ಬೇಡವಾ ಅಂತ ಹೇಳಬೇಕಾದವನು ಬರೆದವನು, ಅಲ್ವಾ?

1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೀವು ಕಥೆ ಬರೆದ ಕೂಡಲೇ ಹಕ್ಕು ನಿಮ್ಮದು. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ನಮ್ಮ ಜಿಲ್ಲೆಯವರ ಬಾಯಲ್ಲಿ ಕವಿ ದಿನಕರ ದೇಸಾಯಿಯವರ ಚುಟುಕ ಯಾವಾಗಲೂ ಇರುತ್ತದೆ. ಅವರು ತೀರಿಕೊಂಡದ್ದು 1982ರಲ್ಲಿ. ಅಂದರೆ ಆ ಹಕ್ಕು 2042ರ ಕೊನೆಯವರೆಗೂ ಇದೆ. ಹಳೆಯದು, ಎಲ್ಲರಿಗೂ ಗೊತ್ತಿರುವುದು ಅಂತ ಹೆಸರು ತೆಗೆದು ಕಳಿಸುವವರಿಗೆ ಇದನ್ನು ಹೇಳಿ. ಕಥೆ ಓದಿ ರೆಕಾರ್ಡ್ ಮಾಡಿ ಹಾಕುವುದಕ್ಕೆ, ಬೇರೆ ಭಾಷೆಗೆ ಅನುವಾದಿಸುವುದಕ್ಕೆ ಅನುಮತಿ ಬೇಕು. ವಿಮರ್ಶೆ ಮಾಡುವಾಗ ನಾಲ್ಕು ಸಾಲು ಎತ್ತಿ ತೋರಿಸುವುದಕ್ಕೆ ಬೇಡ.

ಆದರೆ "ನನ್ನ ಕಥೆಯ ಹಾಗೇ ಬರೆದಿದ್ದಾರೆ" ಅಂತ ಎಲ್ಲದಕ್ಕೂ ಕೂಗಬಾರದು. ಅತ್ತೆ ಸೊಸೆ ಜಗಳ, ಕಾಲೇಜಿನ ಪ್ರೀತಿ, ವಿದೇಶಕ್ಕೆ ಹೋದ ಮಗ, ಇವು ಯಾರ ಸ್ವತ್ತೂ ಅಲ್ಲ. ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅದೇ ಪ್ರಸಂಗ, ಅದೇ ಪದ್ಯ, ಆದರೆ ಪಾತ್ರದ ಮಾತಾಡುವ ಒಬ್ಬ ಅರ್ಥಧಾರಿಯ ಕೃಷ್ಣ ಇನ್ನೊಬ್ಬರ ಕೃಷ್ಣ ಅಲ್ಲ. ಪ್ರಸಂಗ ಎಲ್ಲರದ್ದು, ಆಡಿದ ಅರ್ಥ ಅವರವರದ್ದು. 1978ರಲ್ಲಿ ಸುಪ್ರೀಂ ಕೋರ್ಟ್ ಒಂದು ನಾಟಕ ಮತ್ತು ಸಿನಿಮಾದ ಮೊಕದ್ದಮೆಯಲ್ಲಿ ಹೇಳಿದ್ದೂ ಇದನ್ನೇ: ಕಥಾವಸ್ತುವಿಗೆ ಹಕ್ಕಿಲ್ಲ, ಅದನ್ನು ಹೇಳಿದ ರೀತಿಗೆ ಇದೆ. ನಿಮ್ಮ ವಾಕ್ಯ, ನಿಮ್ಮ ಸಂಭಾಷಣೆ, ನಿಮ್ಮ ದೃಶ್ಯಗಳ ಜೋಡಣೆ ಅಲ್ಲಿ ಕಂಡರೆ ಆಗ ಮಾತಾಡಿ.

ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ ಕಾಣುವ ಹಾಗೆ. ಲಿಂಕ್ ಉಳಿಸಿಕೊಳ್ಳಿ. ಆಮೇಲೆ ಆ ಮನುಷ್ಯನಿಗೆ ಮರ್ಯಾದೆಯಿಂದ ಒಂದು ಮೆಸೇಜ್: ಇದು ನನ್ನದು, ತೆಗೆಯಿರಿ ಅಥವಾ ಹೆಸರು ಹಾಕಿ. ಎಷ್ಟೋ ಜನ ಗೊತ್ತಿಲ್ಲದೆ ಮಾಡಿರುತ್ತಾರೆ, ತಕ್ಷಣ ತೆಗೆಯುತ್ತಾರೆ. ಕೇಳದಿದ್ದರೆ ಆಪ್‌ನವರಿಗೆ ದೂರು ಕೊಡಿ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಸಂಸ್ಥೆಗಳು ದೂರು ಕೇಳುವ ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸಬೇಕು. ದೂರು ತಲುಪಿತು ಅಂತ 24 ಗಂಟೆಯೊಳಗೆ ತಿಳಿಸಬೇಕು. ಕಳ್ಳನ ಫೋಟೋ ಹಾಕಿ ಎಲ್ಲರೂ ಬೈಯಿರಿ ಅನ್ನುವ ಕೆಲಸ ಮಾತ್ರ ಮಾಡಬೇಡಿ. ನೂರು ಜನ ಒಬ್ಬನ ಮೇಲೆ ಮುಗಿಬಿದ್ದರೆ ಆಮೇಲೆ ನಿಮಗೂ ಅದನ್ನು ತಡೆಯಲು ಆಗುವುದಿಲ್ಲ.

ಸಿದ್ದಾಪುರದಿಂದ

ನಾನು ಬರೆಯುವವನಲ್ಲ, ಓದುವವನು. 1965ರಲ್ಲಿ ಶುರುವಾದ ಸುಧಾ, 1983ರಲ್ಲಿ ಬಂದ ತರಂಗ, ಈ ವಾರಪತ್ರಿಕೆಗಳಲ್ಲಿ ಧಾರಾವಾಹಿಗೆ ಕಾದು ಓದಿದವನು. ಈಗ ಮಗಳು ಫೋನಿಗೆ ಪ್ರತಿಲಿಪಿ ಅನ್ನುವ ಕಥೆ ಆಪ್ ಹಾಕಿಕೊಟ್ಟಿದ್ದಾಳೆ. ಆಗ ಓದುಗ ಸಿಟ್ಟಿನಲ್ಲಿ ಏನು ಬರೆದರೂ ಪತ್ರ ಸಂಪಾದಕರ ಮೇಜಿಗೆ ಹೋಗುತ್ತಿತ್ತು. ಅವರು ಬೇಕಾದ್ದನ್ನು ಅಚ್ಚು ಹಾಕುತ್ತಿದ್ದರು, ಬೇಡದ್ದು ಅಲ್ಲೇ ಉಳಿಯುತ್ತಿತ್ತು. ಈಗ ನಡುವೆ ಯಾರೂ ಇಲ್ಲ. ನಾನು ರಾತ್ರಿ ಹತ್ತಕ್ಕೆ ಒತ್ತಿದ್ದು ಬರೆದವರ ಫೋನಿನಲ್ಲಿ ಆಗಲೇ ಸದ್ದು ಮಾಡುತ್ತದೆ. ಹಾಗಾಗಿ ಕಟುವಾಗಿ ಅನಿಸಿದರೆ ಬೆಳಿಗ್ಗೆವರೆಗೆ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆಯೂ ಹಾಗೇ ಅನಿಸಿದರೆ ಕಳಿಸುತ್ತೇನೆ.

"ಸೂಪರ್" ಅಂದವರ ಮೇಲೆ ಬೇಸರ ಮಾಡಿಕೊಳ್ಳಬೇಡಿ ತಂಗಿ. ಇದರಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಜಾಗ ತೋರಿಸಿ ಹೇಳಿ ಅಂದರೆ ಎಲ್ಲರಿಗೂ ಆಗುವುದಿಲ್ಲ. ನನ್ನ ಹೆಂಡತಿಗೆ ಕನ್ನಡ ಟೈಪಿಂಗ್ ಬರುವುದಿಲ್ಲ, ಹೂವಿನ ಚಿತ್ರ ಒತ್ತುತ್ತಾಳೆ. ಆದರೆ ಅಡುಗೆ ಮನೆಯಲ್ಲಿ ಆ ಕಥೆಯ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾಳೆ. ಯಾರಾದರೂ "ಸೂಪರ್" ಅಂದರೆ "ಥ್ಯಾಂಕ್ಸ್, ಯಾವ ಪಾತ್ರ ಇಷ್ಟವಾಯಿತು?" ಅಂತ ಕೇಳಿ ನೋಡಿ. ನನ್ನನ್ನು ಒಬ್ಬ ಲೇಖಕಿ ಹಾಗೆ ಕೇಳಿದ್ದರು. ಆವತ್ತಿನಿಂದ ನಾನು ಉದ್ದ ಬರೆಯಲು ಶುರು ಮಾಡಿದೆ.

"ಮುಂದಿನ ಭಾಗ ಯಾವಾಗ" ಅನ್ನುವುದಕ್ಕೆ ಮಾತ್ರ ನಿಮ್ಮ ಕಡೆಯಿಂದಲೂ ಸ್ವಲ್ಪ ಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾದ ಮನೆಗಳಿವೆ. ಮನೆಯಲ್ಲಿ ಕಾಯಿಲೆ ಇರುತ್ತದೆ, ಮಕ್ಕಳ ಪರೀಕ್ಷೆ ಇರುತ್ತದೆ. ಓದುಗರು ದಿನಾ ಕೇಳಿ ಪೀಡಿಸಬಾರದು, ಅದು ಸರಿ. ಆದರೆ ವಾರಕ್ಕೊಂದು ಅಂದಿದ್ದರೆ, ಆಗದ ವಾರ ಒಂದು ಸಾಲು ಹಾಕಿ. ಕಾಯುವುದು ನಮಗೆ ಕಷ್ಟವಲ್ಲ. ಇಪ್ಪತ್ತು ಭಾಗ ಓದಿಸಿ ಹೇಳದೆ ಕೇಳದೆ ನಿಲ್ಲಿಸುತ್ತಾರಲ್ಲ, ಅದು ಬೇಜಾರು. ಮುಂದೆ ಬರೆಯಲು ಆಗುವುದಿಲ್ಲ ಅನಿಸಿದರೆ "ಇಲ್ಲಿಗೆ ನಿಲ್ಲಿಸುತ್ತಿದ್ದೇನೆ" ಅಂದುಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ಮತ್ತೆ, ನಿಮ್ಮ ಧಾರಾವಾಹಿಯ ಹೆಸರೇ ಹೇಳಲಿಲ್ಲ ನೀವು. ಹೊಲಿಗೆ ಅಂಗಡಿಯವಳ ಕಥೆ ಅಂದಿರಲ್ಲ, ಹೆಸರು ಹಾಕಿ. ಮೊದಲನೇ ಭಾಗದಿಂದ ಓದುತ್ತೇವೆ, ನಾನೂ, ನನ್ನ ಹೆಂಡತಿಯೂ.