ಸಹಾಯ ಬೇಕು: ನಾಣ್ಯವನ್ನು ಯಾವ ಆಧಾರ ಅಂತ ಬರೆಯಲಿ?

ಎಲ್ಲರಿಗೂ ನಮಸ್ಕಾರ. ಇತಿಹಾಸದ ಆಧಾರಗಳ ಬಗ್ಗೆ ಟಿಪ್ಪಣಿ ಮಾಡುತ್ತಿದ್ದೇನೆ, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಪತ್ರ, ದಿನಚರಿ, ತೆರಿಗೆ ಲೆಕ್ಕ ಎಲ್ಲಾ ಲಿಖಿತ ಆಧಾರ, ಮಡಕೆ ಚೂರು, ಮೂಳೆ, ಕಟ್ಟಡ ಭೌತಿಕ ಆಧಾರ. ಇಷ್ಟು ಸರಿ ಅಲ್ವಾ? ಆದರೆ ನಾಣ್ಯ? ಅದರ ಮೇಲೆ ರಾಜನ ಹೆಸರು ಓದಬಹುದು, ಜೊತೆಗೆ ಬೆಳ್ಳಿಗೆ ಎಷ್ಟು ತಾಮ್ರ ಬೆರೆಸಿದ್ದಾರೆ ಅಂತ ನೋಡಿದರೆ ಖಜಾನೆಯ ಪರಿಸ್ಥಿತಿಯೂ ಸುಮಾರಾಗಿ ಗೊತ್ತಾಗುತ್ತದೆ. ಎರಡೂ ಕಡೆ ಹಾಕಿದರೆ ತಪ್ಪಾ?

ಇನ್ನೊಂದು, ಇದು ಜಾಸ್ತಿ ತಲೆ ತಿನ್ನುತ್ತಿದೆ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪ್‌ಗೆ ಅಧಿಕಾರ ಬಿಟ್ಟುಕೊಟ್ಟ ಅನ್ನುವ ದಾನಪತ್ರವನ್ನು ಜನ ನೂರಾರು ವರ್ಷ ನಂಬಿದ್ದರು. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಅದರ ಲ್ಯಾಟಿನ್ ಭಾಷೆಯನ್ನೇ ಹಿಡಿದು ಜಾಲಾಡಿದ, 4ನೇ ಶತಮಾನದ ರೋಮನ್ ಪತ್ರದಲ್ಲಿ 'ಸಾಟ್ರಪ್' (ಪರ್ಷಿಯಾದ ಪ್ರಾಂತಾಧಿಕಾರಿ) ಅನ್ನುವ ಪದ ಎಲ್ಲಿಂದ ಬಂತು ಅಂತ ಕೇಳಿದ. ಒಂದೇ ಪದ ನೋಡಿ! ಪತ್ರ ನಕಲಿ ಅನ್ನುವುದಕ್ಕೆ ಅದೂ ಒಂದು ಸಾಕ್ಷಿಯಾಯಿತು.

ಕಾಗದವನ್ನು ಹೀಗೆ ಪರೀಕ್ಷೆ ಮಾಡಬಹುದು, ಮೂಳೆ ಎಷ್ಟು ಹಳೆಯದು ಅಂತ ತಿಳಿಯಲು ಕಾರ್ಬನ್ 14 ಪರೀಕ್ಷೆ ಇದೆ. ಆದರೆ ಬಾಯಿಮಾತಿನ ನೆನಪು? ಹಿರಿಯರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡರೆ ಯಾವುದರ ಜೊತೆ ತಾಳೆ ನೋಡಬೇಕು? ಈ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ. ಸುಮ್ನೆ 'ಗೂಗಲ್ ಮಾಡಿ' ಅನ್ನಬೇಡಿ, ಮಾಡಿ ಆಗಿದೆ.