ಮರೆವಿನ ಕಾಯಿಲೆ: ವೈದ್ಯರ ಮುಂದೆ ಮಾತನಾಡಬೇಕಾದವರು ಯಾರು?

ಮೈಸೂರಿನ ಮಗಳು:
ನನ್ನ ತಂದೆಗೆ ಈಗ 76 ವರ್ಷ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವರು. ಎರಡು ವರ್ಷಗಳಿಂದ ಮರೆವು ಹೆಚ್ಚುತ್ತ ಬಂದು, ಅದು ಡಿಮೆನ್ಶಿಯಾ ಎಂದು ಗೊತ್ತಾದ ಮೇಲೆ, ಮೂರು ತಿಂಗಳಿಗೊಮ್ಮೆ ನರರೋಗ ತಜ್ಞರಲ್ಲಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಹೋದ ವಾರ ವೈದ್ಯರು ಹೇಗಿದ್ದೀರಿ ಎಂದು ಕೇಳಿದಾಗ ಅಪ್ಪ, ದಿನಾ ವಾಕಿಂಗ್ ಹೋಗುತ್ತೇನೆ, ಪೇಪರ್ ಓದುತ್ತೇನೆ, ಮನೆಯ ಲೆಕ್ಕವೆಲ್ಲ ನನ್ನದೇ ಎಂದು ಗಟ್ಟಿಯಾಗಿ ಹೇಳಿದರು. ಅವರು ವಾಕಿಂಗ್ ಬಿಟ್ಟು ಆರು ತಿಂಗಳಾಗಿದೆ. ಹಾಲಿನವನಿಗೆ ಒಂದೇ ತಿಂಗಳ ಹಣವನ್ನು ಮೂರು ಸಲ ಕೊಟ್ಟಿದ್ದಾರೆ. ವೈದ್ಯರು ನನ್ನ ಕಡೆ ತಿರುಗಿದಾಗ ಇದನ್ನೆಲ್ಲ ಹೇಳಿದೆ. ರಾತ್ರಿ ಹಾಸಿಗೆ ಒದ್ದೆಯಾಗುವುದನ್ನೂ ಹೇಳಿಬಿಟ್ಟೆ. ಅಪ್ಪ ಏನೂ ಮಾತನಾಡಲಿಲ್ಲ. ಅಂಗಿಯ ಮೇಲಿನ ಗುಂಡಿಯನ್ನು ಹಾಕುವುದು, ಬಿಚ್ಚುವುದು ಮಾಡುತ್ತ ಕುಳಿತರು. ಮರುದಿನ ಆಸ್ಪತ್ರೆಗೆ ಹೋಗಿದ್ದೇ ಅವರಿಗೆ ನೆನಪಿರಲಿಲ್ಲ, ಆದರೆ ನನ್ನ ಮೇಲಿನ ಮುನಿಸು ಮಾತ್ರ ನಾಲ್ಕು ದಿನ ಇಳಿಯಲಿಲ್ಲ. ನಾನು ಮಾಡಿದ್ದು ತಪ್ಪೇ? ಇಂಥ ಭೇಟಿಗಳಲ್ಲಿ ಮನೆಯವರು ಎಷ್ಟು ಮಾತನಾಡಬೇಕು, ಎಲ್ಲಿ ಸುಮ್ಮನಿರಬೇಕು?

ತಾಲ್ಲೂಕು ವೈದ್ಯ:
ಮೇಡಂ, ನೀವು ಹೇಳದೆ ಹೋಗಿದ್ದರೆ ತಪ್ಪಾಗುತ್ತಿತ್ತು. ಈ ಕಾಯಿಲೆಯಲ್ಲಿ ತನಗೆ ಕಾಯಿಲೆಯಿದೆ ಎಂಬ ಅರಿವೇ ಅನೇಕರಲ್ಲಿ ಮಾಸಿಹೋಗುತ್ತದೆ. ನಿಮ್ಮ ತಂದೆ ಸುಳ್ಳು ಹೇಳಲಿಲ್ಲ, ತಮಗೆ ತೋರಿದ್ದನ್ನೇ ಹೇಳಿದರು. 30 ಅಂಕಗಳ ಸಾಮಾನ್ಯ ನೆನಪಿನ ಪರೀಕ್ಷೆಯಲ್ಲಿ 100ರಿಂದ ಏಳೇಳು ಕಳೆಯುತ್ತ ಹೋಗಿ ಎಂದರೆ ಗಣಿತದ ಮೇಷ್ಟ್ರು ಕಾಯಿಲೆಯಿದ್ದೂ ಪಾಸಾಗಬಹುದು, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಕಾಯಿಲೆಯಿಲ್ಲದೆಯೂ ಫೇಲಾಗಬಹುದು. ಅದಕ್ಕಾಗಿಯೇ ಮನೆಯವರನ್ನೇ ಕೇಳುವ ಪ್ರಶ್ನಾವಳಿಗಳಿವೆ. ಹತ್ತು ವರ್ಷದ ಹಿಂದಿನ ಸ್ಥಿತಿಗೆ ಹೋಲಿಸಿದರೆ ಈಗ ಹೇಗಿದ್ದಾರೆ ಎಂದು ಕೇಳುವುದು ಒಂದು, ಎಂಟೇ ಪ್ರಶ್ನೆಗಳ ಎಡಿ-8 ಇನ್ನೊಂದು. ಪ್ರಶ್ನೆ ಕೇಳಿದ ಕೂಡಲೇ ಉತ್ತರಕ್ಕಾಗಿ ರೋಗಿ ಜೊತೆಗೆ ಬಂದವರ ಕಡೆ ತಲೆ ತಿರುಗಿಸುವುದನ್ನೇ ನಾವು ಒಂದು ಲಕ್ಷಣವೆಂದು ಗಮನಿಸುತ್ತೇವೆ. ಜೊತೆಗೆ ಯಾರೂ ಇಲ್ಲದಿದ್ದರೆ ಅದೂ ಕಾಣುವುದಿಲ್ಲ.

ಹಾಸಿಗೆ ಒದ್ದೆಯಾಗುವ ವಿಷಯವಂತೂ ಹೇಳಲೇಬೇಕಾದದ್ದು. ಅದಕ್ಕೆ ಮೂತ್ರದ ಸೋಂಕು ಕಾರಣವಿರಬಹುದು, ಪ್ರಾಸ್ಟೇಟ್ ಇರಬಹುದು, ಮರೆವಿಗೆಂದು ಕೊಡುವ ಡೊನೆಪೆಜಿಲ್ ಮಾತ್ರೆಯೂ ಇರಬಹುದು. ನಮಗೆ ಹೇಳಲು ನಾಚಿ ಬೇರೆ ವೈದ್ಯರ ಬಳಿ ಹೋದವರಿಗೆ ಮೂತ್ರ ಸೋರದಂತೆ ತಡೆಯುವ ಆಕ್ಸಿಬ್ಯುಟಿನಿನ್‌ನಂಥ ಮಾತ್ರೆ ಸಿಗುತ್ತದೆ. ಅದು ಡೊನೆಪೆಜಿಲ್ ಮಾಡುವ ಕೆಲಸಕ್ಕೆ ನೇರ ವಿರುದ್ಧ. ಗೊಂದಲ ಇನ್ನಷ್ಟು ಹೆಚ್ಚುತ್ತದೆ, ಮನೆಯವರು ಕಾಯಿಲೆ ಏರಿತೆಂದುಕೊಳ್ಳುತ್ತಾರೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಳ್ಳುವ ನೆಗಡಿ ಮಾತ್ರೆಗಳ ಕಥೆಯೂ ಬಹುಪಾಲು ಇದೇ.

ನಿವೃತ್ತ ವಕೀಲ:
ವೈದ್ಯರ ಮಾತು ವೈದ್ಯಕೀಯವಾಗಿ ಸರಿಯಿರಬಹುದು. ನಾನು ಮೇಜಿನ ಈಚೆಗಿನ ಕುರ್ಚಿಯಿಂದ ಬರೆಯುತ್ತಿದ್ದೇನೆ. ಈ ಕಾಯಿಲೆಯ ಆರಂಭದ ಹಂತದಲ್ಲಿದ್ದೇನೆಂದು ನನಗೆ ಕಳೆದ ವರ್ಷ ಹೇಳಲಾಯಿತು. ಅಂದಿನಿಂದ ನಾನು ಒಳಗೆ ಹೋದ ಕೂಡಲೇ ಕೇಳಿಬರುವ ಮೊದಲ ಪ್ರಶ್ನೆ ‘ಅಟೆಂಡರ್ ಯಾರು?’ ಎಂಬುದು. ಆಮೇಲಿನ ಮಾತುಕತೆಯೆಲ್ಲ ನನ್ನ ತಲೆಯ ಮೇಲಿಂದ, ನನ್ನ ಮಗನ ಜೊತೆ, ಇಂಗ್ಲಿಷಿನಲ್ಲಿ ನಡೆಯುತ್ತದೆ. ನನಗೆ ಇಂಗ್ಲಿಷ್ ಬರುತ್ತದೆಂಬುದು ಅವರಿಗೆ ಹೊಳೆಯುವುದೇ ಇಲ್ಲ. ನನ್ನ ಕಕ್ಷಿದಾರನನ್ನು ನ್ಯಾಯಾಲಯದಲ್ಲಿ ಯಾರಾದರೂ ಹೀಗೆ ನಡೆಸಿಕೊಂಡಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಕಾನೂನು ಏನು ಹೇಳುತ್ತದೆಂಬುದನ್ನೂ ನೋಡೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋರೋಗವನ್ನು ವಿವರಿಸುವಾಗ ನೆನಪು ಮತ್ತು ದಿಕ್ಕು-ಕಾಲಗಳ ಅರಿವು ತೀವ್ರವಾಗಿ ಕೆಡುವುದನ್ನೂ ಸೇರಿಸುತ್ತದೆ. ಆದ್ದರಿಂದ ಮುಂದುವರಿದ ಡಿಮೆನ್ಶಿಯಾ ಅದರ ವ್ಯಾಪ್ತಿಗೆ ಬರುತ್ತದೆಂದೇ ನನ್ನ ಅಭಿಪ್ರಾಯ. ತನ್ನ ಪರವಾಗಿ ಮಾತನಾಡುವ ನಾಮನಿರ್ದೇಶಿತ ಪ್ರತಿನಿಧಿ ಯಾರೆಂದು ವ್ಯಕ್ತಿಯೇ ಬಿಳಿ ಹಾಳೆಯ ಮೇಲೆ ಬರೆದು, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು. ಹಾಗೆ ಬರೆಯದಿದ್ದಾಗ ಮಾತ್ರ ಬಂಧುಗಳ, ಆರೈಕೆದಾರರ ಸರದಿ. ರೋಗಿಯ ಮಾಹಿತಿ ಗೋಪ್ಯವಾಗಿರಬೇಕೆಂಬ ಹಕ್ಕೂ ಅದೇ ಕಾಯ್ದೆಯಲ್ಲಿದೆ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನೇ ಕಾನೂನೆಂದುಕೊಂಡ ಮನೆಗಳಲ್ಲಿ ಈ ಹಾಳೆಯನ್ನು ಬರೆಸಿಕೊಂಡವರು ಎಷ್ಟು ಮಂದಿ?

ಧಾರವಾಡದ ಸೊಸೆ:
ಹಿರಿಯರಿಬ್ಬರೂ ‘ಮನೆಯವರು’ ಎಂದು ಬರೆದಿದ್ದೀರಿ. ಆ ಮನೆಯವರು ಯಾರು ಎಂಬುದೇ ನನ್ನ ಪ್ರಶ್ನೆ. ನನ್ನ ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದು ಅವರ ಮಗ, ಅಂದರೆ ನನ್ನ ಯಜಮಾನರು, ಏಕೆಂದರೆ ಕಾರು ಓಡಿಸುವವರು ಅವರು. ನಿದ್ದೆ ಹೇಗಿದೆ ಎಂದು ವೈದ್ಯರು ಕೇಳಿದರೆ ‘ಚಲೋ ಅದ’ ಎಂದು ಹೇಳಿ ಬರುತ್ತಾರೆ. ಸುಳ್ಳೇನಲ್ಲ, ಅವರಿಗೆ ನಿದ್ದೆ ಚಲೋ ಬರುತ್ತದೆ! ಅತ್ತೆಯವರ ಕೋಣೆಯಲ್ಲಿ ಮಲಗುವವಳು ನಾನು. ಸ್ನಾನ ಮಾಡಿಸುವವಳು, ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿನ್ನಿಸುವವಳು ನಾನು.

ಹೊಸ ಮಾತ್ರೆ ಶುರುವಾದ ಮೇಲೆ ಅವರು ರಾತ್ರಿ ಎರಡು, ಮೂರು ಗಂಟೆಗೆ ಕಿರುಚಿ ಏಳತೊಡಗಿದರು. ತೀರಿಹೋದ ತಮ್ಮ ಅಕ್ಕ ಬಾವಿಗೆ ಬೀಳುತ್ತಿದ್ದಾಳೆಂದು ಅಳುತ್ತಿದ್ದರು. ಎರಡು ಭೇಟಿಗಳು ಕಳೆದರೂ ಈ ಮಾತು ವೈದ್ಯರನ್ನು ಮುಟ್ಟಲಿಲ್ಲ. ಕೊನೆಗೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಚೌಕಗಳಲ್ಲಿಯೇ, ಅವರು ಎದ್ದ ಹೊತ್ತನ್ನು ಪೆನ್ಸಿಲಿನಿಂದ ಗುರುತು ಹಾಕಿ, ಆ ತಿಂಗಳ ಹಾಳೆಯ ಫೋಟೋ ತೆಗೆದು ಯಜಮಾನರ ವಾಟ್ಸ್‌ಆ್ಯಪ್‌ಗೆ ಕಳಿಸಿ, ಇದನ್ನು ತೋರಿಸದೆ ಮನೆಗೆ ಬರಬೇಡಿ ಎಂದೆ. ವೈದ್ಯರು ನೋಡಿ, ರಾತ್ರಿಯ ಡೊನೆಪೆಜಿಲ್ ಅನ್ನು ಬೆಳಗಿನ ಉಪಾಹಾರದ ನಂತರಕ್ಕೆ ಬದಲಿಸಿದರು. ವಾರದೊಳಗೆ ಕಿರುಚಾಟ ಬಹಳಮಟ್ಟಿಗೆ ನಿಂತಿತು. ಆದರೂ ಫೈಲಿನ ಮೇಲೆ ಇಂದಿಗೂ ಆರೈಕೆದಾರರೆಂದು ಇರುವುದು ಮಗನ ಹೆಸರೇ. ವಕೀಲರು ಹೇಳಿದ ಹಾಳೆಯಲ್ಲಿಯೂ ಅತ್ತೆಯವರು ಮಗನ ಹೆಸರನ್ನೇ ಬರೆಸುತ್ತಾರೆಂಬುದು ನನಗೆ ಗೊತ್ತು.

ನ್ಯೂಜೆರ್ಸಿಯ ಮಗ:
ನನ್ನ ತಾಯಿ ಮಲ್ಲೇಶ್ವರದಲ್ಲಿದ್ದಾರೆ. ವೈದ್ಯರ ಭೇಟಿಗೆ ನಾನು ಇಲ್ಲಿಂದ ವಿಡಿಯೋ ಕರೆಯಲ್ಲಿ ಸೇರುತ್ತೇನೆ. ಅಮೆರಿಕದಲ್ಲಿ 2024ರ ಜುಲೈಯಿಂದ ಮೆಡಿಕೇರ್, ಅಂದರೆ ಹಿರಿಯರಿಗಾಗಿರುವ ಸರ್ಕಾರಿ ಆರೋಗ್ಯ ವಿಮೆ, ‘ಗೈಡ್’ ಎಂಬ ವ್ಯವಸ್ಥೆಯನ್ನು ಪ್ರಯೋಗವಾಗಿ ನಡೆಸುತ್ತಿದೆ. ಅದರಲ್ಲಿ ರೋಗಿಯ ಜೊತೆಗೆ ಆರೈಕೆ ಮಾಡುವವರ ಸ್ಥಿತಿಯನ್ನೂ ವಿಚಾರಿಸಬೇಕು, ಅವರಿಗೆ ತರಬೇತಿ ಕೊಡಬೇಕು, ಅರ್ಹರಿಗೆ ಸ್ವಲ್ಪ ಕಾಲದ ಬಿಡುವೂ ಸಿಗುತ್ತದೆ. ಭಾರತದಲ್ಲಿಯೂ ಇಂಥದ್ದು ಬರಬೇಕು.

ಧಾರವಾಡದ ಸೊಸೆ:
ಬರಲಿ ಅಣ್ಣಾ, ಸಂತೋಷ. ಅಷ್ಟರವರೆಗೆ, ಮುಂದಿನ ವಿಡಿಯೋ ಕರೆಯಲ್ಲಿ ನೀವು ಮಾತನಾಡುವ ಮೊದಲು ನಿಮ್ಮ ತಾಯಿಯ ಜೊತೆ ಹಗಲಿರುಳು ಇರುವ ಹೋಂ ನರ್ಸ್‌ಗೆ ಎರಡು ನಿಮಿಷ ಬಿಟ್ಟುಕೊಡಿ.

ತಾಲ್ಲೂಕು ವೈದ್ಯ:
ತಂಗಿಯ ಮಾತು ನನಗೆ ತಾಗಿತು. ಬಂದವರಿಗೆ ‘ನೀವು ಏನಾಗಬೇಕು?’ ಎಂದು ಕೇಳುತ್ತೇನೆಯೇ ಹೊರತು ‘ರಾತ್ರಿ ಇವರ ಜೊತೆ ಮಲಗುವವರು ಯಾರು?’ ಎಂದು ಕೇಳಿದ್ದು ಕಡಿಮೆ. ನಿಮ್ಹಾನ್ಸ್‌ನಂಥ ಕಡೆ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗವೇ ಇದೆ, ಕುಟುಂಬದವರನ್ನು ಪ್ರತ್ಯೇಕವಾಗಿ ಕೂರಿಸಿ ಮಾತನಾಡಿಸಬಹುದು. ನನ್ನ ಓಪಿಡಿಯಲ್ಲಿ ಇರುವುದು ಒಂದು ಮೇಜು, ಒಂದು ಪರದೆ. ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆಯಿದೆಯೆಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ಅವರಲ್ಲಿ ಅನೇಕರು ಬರುವುದು ಇಂಥ ಮೇಜಿನ ಮುಂದಕ್ಕೇ. ಆದ್ದರಿಂದ ಹೇಳಲು ಮುಜುಗರವಾಗುವುದನ್ನು ಚೀಟಿಯಲ್ಲಿ ಬರೆದು ಮೊದಲೇ ನರ್ಸ್ ಕೈಗೆ ಕೊಡಿ ಎನ್ನುತ್ತೇನೆ. ನಾನು ಓದಿಕೊಂಡು, ರೋಗಿಯನ್ನೇ ಮೊದಲು ಮಾತನಾಡಿಸುತ್ತೇನೆ.

ನಿವೃತ್ತ ವಕೀಲ:
ನನಗೆ ಗೊತ್ತಿಲ್ಲದೆ ಕೊಡುವ ಚೀಟಿಗೆ ನನ್ನ ವಿರೋಧವಿದೆ. ಎದುರಿಗೆ ಹೇಳಿದರೆ ನಾಚಿಕೆಯಾಗುತ್ತದೆ, ನಿಜ. ಬೆನ್ನ ಹಿಂದೆ ಹೇಳಿದ್ದು ತಿಳಿದರೆ ಮನೆಯವರ ಮೇಲಿನ ನಂಬಿಕೆಯೇ ಹೋಗುತ್ತದೆ. ಎಲ್ಲವನ್ನೂ ಮರೆಯುವ ಕಾಯಿಲೆಯಲ್ಲಿ ಅನುಮಾನವೊಂದು ಮಾತ್ರ ಎಷ್ಟು ಚೆನ್ನಾಗಿ ನೆನಪಿರುತ್ತದೆಂದು ನನ್ನ ಮಗನನ್ನು ಕೇಳಿ. ಬರೆಯುವುದಾದರೆ ಮನೆಯಲ್ಲಿ ನನಗೆ ಓದಿ ಹೇಳಿ ಬರೆಯಿರಿ. ನಾನು ಬೇಡವೆಂದ ಸಾಲನ್ನು ಬಿಡಿ, ಇಲ್ಲವೇ ಏಕೆ ಬಿಡಲಾಗದೆಂದು ನನಗೆ ವಿವರಿಸಿ.

ತಾಲ್ಲೂಕು ವೈದ್ಯ:
ಇವತ್ತು ಒಪ್ಪಿದವರು ನಾಳೆ ಒಪ್ಪಿದ್ದನ್ನೇ ಮರೆತಿರುತ್ತಾರಲ್ಲ ಸರ್, ಆಗೇನು?

ಮೈಸೂರಿನ ಮಗಳು:
ಉತ್ತರಿಸಿದ ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಅಪ್ಪ ಸಮಾಧಾನವಾಗಿದ್ದಾಗ, ಕಾಫಿ ಕೊಟ್ಟು, ವಕೀಲರು ಹೇಳಿದಂತೆ ಪಟ್ಟಿಯನ್ನು ಅವರ ಮುಂದೆಯೇ ಓದಿದೆ. ವಾಕಿಂಗ್ ವಿಷಯಕ್ಕೆ ‘ಮಳೆಗಾಲ ಅಲ್ಲವೇ’ ಎಂದು ವಾದಿಸಿದರು. ಹಾಲಿನ ಲೆಕ್ಕಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನು ತಾವೇ ಹೇಳುವುದಾಗಿ ಹೇಳಿದರು. ಹಾಸಿಗೆಯ ಮಾತು ಬಂದಾಗ, ‘ಬರೆದು ಕೊಡು, ಬಾಯಲ್ಲಿ ಹೇಳಬೇಡ. ಆ ನರ್ಸ್ ಹುಡುಗಿ ನನ್ನ ಶಿಷ್ಯೆ’ ಎಂದರು. ಆಕೆ ಅವರ ಶಿಷ್ಯೆಯೋ ಅಲ್ಲವೋ ನಾನು ಕೇಳಲಿಲ್ಲ. ಚೀಟಿಯನ್ನು ವೈದ್ಯರ ಕೈಗೇ ಕೊಡುತ್ತೇನೆ. ಮರೆತರೇನು ಎಂಬ ವೈದ್ಯರ ಪ್ರಶ್ನೆಗೆ ನನಗೆ ತೋಚಿದ್ದು ಇಷ್ಟು: ಆ ಚೀಟಿಯ ಕೆಳಗೆ ‘ನೋಡಿದ್ದೇನೆ, ಸರಿಯಿದೆ’ ಎಂದು ಅವರ ಕೈಯಲ್ಲೇ ಬರೆಸಿ, ತಾರೀಖು ಹಾಕಿಸಿದೆ. ಮಕ್ಕಳ ಲೆಕ್ಕದ ಪುಸ್ತಕಗಳಿಗೆ ಹಾಕುತ್ತಿದ್ದ ಅದೇ ಸಹಿ. ವರ್ಷ ಮಾತ್ರ 1994 ಎಂದು ಬರೆದಿದ್ದಾರೆ, ನಾನು ತಿದ್ದಲಿಲ್ಲ.