ಮನೆಯಲ್ಲೇ ಮಾಡಿದ ಸ್ಮಾರ್ಟ್ ಕನ್ನಡಿ: ಹಿಂಬದಿಗೆ ಅಂಟಿಸಿದ ಟಚ್ ಫಿಲ್ಮ್ ಬೆರಳನ್ನು ಗುರುತಿಸುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 24 ಇಂಚಿನ ಹಳೆಯ ಮಾನಿಟರ್ ಒಂದನ್ನು ಉದ್ದುದ್ದವಾಗಿ ನಿಲ್ಲಿಸಿ, ಅದರ ಮುಂದೆ 4 ಮಿಲಿಮೀಟರ್ ದಪ್ಪದ ಅರೆಪಾರದರ್ಶಕ ಕನ್ನಡಿಯನ್ನು ಕೂರಿಸಿ, ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಮ್ಯಾಜಿಕ್‌ಮಿರರ್ ತಂತ್ರಾಂಶವನ್ನು ಕೆಲವು ತಿಂಗಳುಗಳಿಂದ ನಡೆಸುತ್ತಿದ್ದೇನೆ. ಗಡಿಯಾರ, ಹವಾಮಾನ, ದಿನದ ಕೆಲಸಗಳ ಪಟ್ಟಿ ಎಲ್ಲವೂ ಚೆನ್ನಾಗಿ ಕಾಣುತ್ತಿವೆ. ಈಗ ಬೆರಳಿನಿಂದ ಮುಟ್ಟಿ ಪುಟ ಬದಲಿಸುವ, ಪರದೆಯನ್ನು ಆರಿಸುವ ಸೌಲಭ್ಯ ಬೇಕೆನಿಸಿ, ಯುಎಸ್‌ಬಿ ಮೂಲಕ ಜೋಡಿಸುವ ಕೆಪಾಸಿಟಿವ್ ಟಚ್ ಫಿಲ್ಮ್ ಒಂದನ್ನು ತಂದು ಕನ್ನಡಿಯ ಹಿಂಬದಿಗೆ ಗುಳ್ಳೆಗಳಿಲ್ಲದಂತೆ ಅಂಟಿಸಿದೆ.

ಸಮಸ್ಯೆ ಇಲ್ಲಿಂದ ಆರಂಭವಾಯಿತು. ಅಂಟಿಸುವ ಮೊದಲು ಅದೇ ಫಿಲ್ಮನ್ನು 6 ಮಿಲಿಮೀಟರ್ ದಪ್ಪದ ಸಾಧಾರಣ ಗಾಜಿನ ಕೆಳಗಿಟ್ಟು ನೋಡಿದಾಗ ಬೆರಳಿನ ಪ್ರತಿ ಚಲನೆಯನ್ನೂ ಅದು ಗುರುತಿಸುತ್ತಿತ್ತು. ಅದಕ್ಕಿಂತ ತೆಳುವಾದ ಕನ್ನಡಿಯ ಹಿಂದೆ ಮಾತ್ರ ಅದು ಸಂಪೂರ್ಣ ಮೌನವಾಗಿದೆ. ಕೆಲವೊಮ್ಮೆ ಯಾರೂ ಮುಟ್ಟದಿದ್ದರೂ ಅಂಚುಗಳಲ್ಲಿ ಸ್ಪರ್ಶ ದಾಖಲಾಗುತ್ತದೆ. ಫಿಲ್ಮ್ ಕೆಟ್ಟಿದೆಯೇ, ಅಥವಾ ನಾನು ಆರಿಸಿಕೊಂಡ ವಿಧಾನವೇ ಈ ಕನ್ನಡಿಗೆ ಹೊಂದುವುದಿಲ್ಲವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಿಮ್ಮ ಫಿಲ್ಮ್ ಕೆಟ್ಟಿರುವ ಸಾಧ್ಯತೆ ಕಡಿಮೆ. ನೀವು ಹೇಳಿದ ಲಕ್ಷಣಗಳು ಕನ್ನಡಿಯ ಲೇಪನದ ಕಡೆಗೆ ಬೆರಳು ತೋರಿಸುತ್ತಿವೆ. ಕೆಪಾಸಿಟಿವ್ ಫಿಲ್ಮ್ ಒತ್ತಡವನ್ನು ಅಳೆಯುವುದಿಲ್ಲ. ಅದರೊಳಗಿನ ಸೂಕ್ಷ್ಮ ತಂತಿಗಳ ಜಾಲದಿಂದ ಹೊರಡುವ ವಿದ್ಯುತ್ ಕ್ಷೇತ್ರ ಗಾಜನ್ನು ದಾಟಿ ಮುಂದಕ್ಕೆ ಬರುತ್ತದೆ, ಬೆರಳು ಹತ್ತಿರವಾದಾಗ ಆ ಕ್ಷೇತ್ರದಲ್ಲಾಗುವ ಅತ್ಯಲ್ಪ ಬದಲಾವಣೆಯನ್ನು ಅದು ಸ್ಪರ್ಶವೆಂದು ಓದುತ್ತದೆ. ಅಲ್ಯುಮಿನಿಯಂ, ಬೆಳ್ಳಿಯಂತಹ ಲೋಹದ ತೆಳು ಪದರದಿಂದ ಹೊಳಪು ಪಡೆದ ಕನ್ನಡಿಯಾದರೆ, ವಿದ್ಯುತ್ ಹರಿಸಬಲ್ಲ ಆ ಪದರವೇ ಕ್ಷೇತ್ರಕ್ಕೆ ಅಡ್ಡಗೋಡೆಯಾಗುತ್ತದೆ. ಬೆಳಕನ್ನು ಅರ್ಧ ಬಿಟ್ಟುಕೊಡುವಷ್ಟು ತೆಳುವಾಗಿದ್ದರೂ ವಿದ್ಯುತ್ ಕ್ಷೇತ್ರವನ್ನು ತಡೆಯಲು ಆ ಪದರ ಧಾರಾಳವಾಗಿ ಸಾಕು. ಆದ್ದರಿಂದಲೇ 6 ಮಿಲಿಮೀಟರ್ ಬರಿಯ ಗಾಜನ್ನು ದಾಟಿದ ಫಿಲ್ಮ್ 4 ಮಿಲಿಮೀಟರ್ ಕನ್ನಡಿಯ ಮುಂದೆ ಸೋತಿದೆ.

ಮೊದಲು ಲೇಪನ ಯಾವ ಬದಿಗಿದೆ ಎಂದು ನೋಡಿ. ಉಗುರಿನ ತುದಿಯನ್ನು ಗಾಜಿಗೆ ತಾಗಿಸಿದಾಗ ಉಗುರಿಗೂ ಪ್ರತಿಬಿಂಬಕ್ಕೂ ನಡುವೆ ಅಂತರ ಕಾಣದಿದ್ದರೆ ಲೇಪನ ನೀವು ಮುಟ್ಟುತ್ತಿರುವ ಬದಿಯಲ್ಲೇ ಇದೆ. ಆ ಬದಿಯ ಮೂಲೆಯೊಂದರಲ್ಲಿ ಮಲ್ಟಿಮೀಟರ್‌ನ ಎರಡು ಕಡ್ಡಿಗಳನ್ನಿಟ್ಟು ರೋಧವನ್ನು ಅಳೆಯಿರಿ. ಸಂಖ್ಯೆ ಬಂದರೆ ಅದು ಲೋಹದ ಲೇಪನವೆಂದು ನಿಶ್ಚಯ. ಸಂಖ್ಯೆ ಬಾರದಿದ್ದರೆ ಲೋಹವಿಲ್ಲವೆಂದು ಮಾತ್ರ ತೀರ್ಮಾನಿಸಬೇಡಿ, ಏಕೆಂದರೆ ಕೆಲವು ಕನ್ನಡಿಗಳಲ್ಲಿ ಲೋಹದ ಮೇಲೆ ರಕ್ಷಣೆಗಾಗಿ ಇನ್ನೊಂದು ಪದರವಿರುತ್ತದೆ.

ಲೋಹವಿಲ್ಲದ ಅರೆಪಾರದರ್ಶಕ ಕನ್ನಡಿಗಳೂ ಇವೆ. ಟೈಟಾನಿಯಂ ಡೈಆಕ್ಸೈಡ್ ಮತ್ತು ಸಿಲಿಕಾನ್ ಡೈಆಕ್ಸೈಡ್‌ಗಳ ಪದರಗಳನ್ನು ಒಂದರ ಮೇಲೊಂದರಂತೆ ಹೊದಿಸಿ ಮಾಡುವ ಇವು ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ನಿಮ್ಮ ಫಿಲ್ಮ್ ಅವುಗಳ ಹಿಂದೆ ಕೆಲಸ ಮಾಡುತ್ತದೆ. ಆದರೆ ಒಮ್ಮೆ ಅಂಟಿಸಿದ ಫಿಲ್ಮನ್ನು ಹರಿಯದಂತೆ ಬಿಡಿಸುವುದು ಬಹಳ ಕಷ್ಟ.

ಉತ್ತರ 2

ಕನ್ನಡಿಯನ್ನು ಬದಲಿಸಲು ಇಷ್ಟವಿಲ್ಲದಿದ್ದರೆ ಇನ್‌ಫ್ರಾರೆಡ್ ಟಚ್ ಫ್ರೇಮ್ ಒಂದೇ ನೇರ ದಾರಿ. ಚೌಕಟ್ಟಿನ ಎರಡು ಬದಿಗಳಿಂದ ಕಣ್ಣಿಗೆ ಕಾಣದ ಕಿರಣಗಳು ಗಾಜಿನ ಮೇಲ್ಮೈಗೆ ಸಮಾನಾಂತರವಾಗಿ ಹೊರಟು ಎದುರು ಬದಿಯ ಸೆನ್ಸರ್‌ಗಳನ್ನು ತಲುಪುತ್ತವೆ, ಬೆರಳು ಯಾವ ಕಿರಣಗಳನ್ನು ತಡೆಯಿತು ಎಂಬುದರಿಂದ ಸ್ಥಾನ ತಿಳಿಯುತ್ತದೆ. ಎಲ್ಲವೂ ಗಾಜಿನ ಮುಂಭಾಗದಲ್ಲೇ ನಡೆಯುವುದರಿಂದ ಲೇಪನ ಯಾವುದಾದರೂ ಸರಿ, ಗಾಜು ಎಷ್ಟು ದಪ್ಪವಿದ್ದರೂ ಸರಿ.

ಕೂರಿಸುವಾಗ ಮಾತ್ರ ನಾನು ಮಾಡಿದ ತಪ್ಪುಗಳನ್ನು ನೀವು ಮಾಡಬಾರದೆಂದು ವಿವರವಾಗಿ ಬರೆಯುತ್ತಿದ್ದೇನೆ. ಮರದ ಚೌಕಟ್ಟಿನ ತುಟಿ ಫ್ರೇಮಿನ ಮುಂಬದಿಯನ್ನು ಮುಚ್ಚಬಹುದು, ಒಳಬದಿಯನ್ನು ಮುಚ್ಚಬಾರದು. ಕಿರಣಗಳು ಹೊರಡುವ ಆ ಕಪ್ಪು ಪಟ್ಟಿಯ ಮುಂದೆ ಅಂಟಾಗಲಿ, ಮರದ ಸಿಬಿರಾಗಲಿ ಬಂದರೆ ಅಷ್ಟು ಭಾಗ ಕುರುಡಾಗುತ್ತದೆ. ಮೊದಲ ಸಲ ನಾಲ್ಕು ಮೂಲೆಗಳಲ್ಲೂ ಸ್ಕ್ರೂಗಳನ್ನು ಬಲವಾಗಿ ಬಿಗಿದಿದ್ದರಿಂದ ತೆಳುವಾದ ಅಲ್ಯುಮಿನಿಯಂ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗಿ, ಎಡ ಅಂಚಿನುದ್ದಕ್ಕೂ ಸ್ಪರ್ಶವೇ ದಾಖಲಾಗುತ್ತಿರಲಿಲ್ಲ. ಎರಡು ದಿನ ತಂತ್ರಾಂಶದಲ್ಲಿ ದೋಷ ಹುಡುಕಿ, ಕೊನೆಗೆ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿದೊಡನೆ ಅದು ಸರಿಹೋಯಿತು. ಈಗ ಸ್ಕ್ರೂಗಳನ್ನೆಲ್ಲ ತೆಗೆದು ಎರಡು ಬದಿ ಅಂಟುವ ಟೇಪಿನಿಂದ ಗಾಜಿಗೇ ಅಂಟಿಸಿದ್ದೇನೆ. ನೇರ ಬಿಸಿಲು ಸೆನ್ಸರ್‌ಗಳ ಮೇಲೆ ಬಿದ್ದರೆ ಸುಳ್ಳು ಸ್ಪರ್ಶಗಳು ಬರಬಹುದು, ಗಾಜಿನ ಮೇಲೆ ಕುಳಿತ ನೊಣವೂ ಬೆರಳಿನಂತೆ ಕಾಣಬಹುದು.

ಉತ್ತರ 3

ಮೇಲಿನ ಎರಡೂ ಉತ್ತರಗಳು ಸರಿಯಾಗಿವೆ, ಆದರೆ ಪುಟ ಬದಲಿಸಲು ಮತ್ತು ಪರದೆ ಆರಿಸಲು ಇಡೀ ಕನ್ನಡಿಯನ್ನು ಸ್ಪರ್ಶಪರದೆಯಾಗಿಸುವ ಅಗತ್ಯ ನನಗೆ ಕಾಣುವುದಿಲ್ಲ. ಕನ್ನಡಿ ಮುಖ ನೋಡಿಕೊಳ್ಳುವ ವಸ್ತು; ದಿನವೂ ಮುಟ್ಟಿದ ಗಾಜಿನ ಮೇಲೆ ಬೆರಳಚ್ಚುಗಳು ಉಳಿದು, ಬೆಳಕು ಬಿದ್ದಾಗಲೆಲ್ಲ ಎದ್ದು ಕಾಣುತ್ತವೆ.

ನಾನು ಮರದ ಚೌಕಟ್ಟಿನ ಹಿಂಬದಿಯನ್ನು 3 ಮಿಲಿಮೀಟರ್ ದಪ್ಪ ಉಳಿಯುವಂತೆ ಕೊರೆದು, ಅಲ್ಲಿ ತಾಮ್ರದ ಟೇಪಿನ ನಾಲ್ಕು ತುಂಡುಗಳನ್ನು ಅಂಟಿಸಿ, ಅವುಗಳನ್ನು ಎಂಪಿಆರ್121 ಎಂಬ ಚಿಪ್ಪಿಗೆ ಜೋಡಿಸಿದ್ದೇನೆ. ಅದು 12 ಸ್ಪರ್ಶಬಿಂದುಗಳನ್ನು ನಿಭಾಯಿಸುತ್ತದೆ, 3.3 ವೋಲ್ಟ್‌ನಲ್ಲೇ ನಡೆಯುತ್ತದೆ, ಪೈನಲ್ಲಿ ಇಂತಹ ಚಿಪ್ಪುಗಳೊಂದಿಗೆ ಮಾಹಿತಿ ವಿನಿಮಯಕ್ಕಿರುವ ಐ2ಸಿ ಪಿನ್‌ಗಳಿಗೆ ನೇರವಾಗಿ ಸೇರುತ್ತದೆ. ತಾಮ್ರದಿಂದ ಚಿಪ್ಪಿಗೆ ಹೋಗುವ ತಂತಿಗಳನ್ನು ಗಿಡ್ಡವಾಗಿ, ಮಾನಿಟರ್‌ನ ವಿದ್ಯುತ್ ತಂತಿಯಿಂದ ದೂರವಾಗಿ ಇಡಬೇಕು. ಹೊರಗಿನಿಂದ ನೋಡಿದರೆ ಬರಿಯ ಮರ, ಮುಟ್ಟಿದರೆ ಗುಂಡಿ.

ಯಾರಾದರೂ ಎದುರು ನಿಂತಾಗ ಪರದೆ ತಾನಾಗಿ ಹೊತ್ತಿಕೊಳ್ಳಬೇಕೆಂದು ದೇಹದ ಶಾಖದಿಂದ ಚಲನೆಯನ್ನು ಗುರುತಿಸುವ ಪಿಐಆರ್ ಸೆನ್ಸರ್ ಸೇರಿಸುವ ಯೋಚನೆಯಿದ್ದರೆ ಅದನ್ನು ಕನ್ನಡಿಯ ಹಿಂದೆ ಇಡಬೇಡಿ. ದೇಹದ ಶಾಖ ಹೊರಸೂಸುವ ಸುಮಾರು 10 ಮೈಕ್ರೋಮೀಟರ್ ತರಂಗಾಂತರದ ಕಿರಣಗಳನ್ನು ಸಾಧಾರಣ ಗಾಜೂ ಒಳಬಿಡುವುದಿಲ್ಲ. ಚೌಕಟ್ಟಿನ ಕೆಳಭಾಗದಲ್ಲಿ ಸಣ್ಣ ರಂಧ್ರ ಕೊರೆಯುವುದು ಅನಿವಾರ್ಯ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಮಲ್ಟಿಮೀಟರ್ ಸ್ಪಷ್ಟವಾಗಿ ರೋಧ ತೋರಿಸಿತು, ನನ್ನ ಕನ್ನಡಿಯದು ಲೋಹದ ಲೇಪನವೇ. ಗುಂಡಿಗಳ ಸಲಹೆ ಬಹಳ ಹಿಡಿಸಿದರೂ ಕೆಲಸಗಳ ಪಟ್ಟಿಯಲ್ಲಿ ಮುಗಿದವನ್ನು ಮುಟ್ಟಿ ಗುರುತು ಹಾಕುವ ಆಸೆ ಇದ್ದುದರಿಂದ ಇನ್‌ಫ್ರಾರೆಡ್ ಫ್ರೇಮನ್ನೇ ತರಿಸಿ, ಸ್ಕ್ರೂ ಇಲ್ಲದೆ ಟೇಪಿನಿಂದ ಕೂರಿಸಿದೆ. ಸ್ಪರ್ಶ ದಾಖಲಾಗುತ್ತಿದೆ, ಆದರೆ ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಪರದೆಯಲ್ಲಿ ಅದು ಅಡ್ಡಡ್ಡವಾಗಿ ಚಲಿಸುತ್ತದೆ.

ಉತ್ತರ 4

ನೀವು ತಿರುಗಿಸಿರುವುದು ಚಿತ್ರವನ್ನು ಮಾತ್ರ. ಫ್ರೇಮ್ ತಾನಿನ್ನೂ ಅಡ್ಡಲಾಗಿಯೇ ಇದೆಯೆಂದು ತಿಳಿದಿದೆ. ಜೋಡಿಸಿದ ಸಾಧನಗಳನ್ನು ನಿಭಾಯಿಸುವ ಯುಡೆವ್‌ಗೆ ನಿಯಮವೊಂದನ್ನು ಬರೆದು, ಸ್ಪರ್ಶವನ್ನು ಓದುವ ಲಿಬ್‌ಇನ್‌ಪುಟ್ ತಂತ್ರಾಂಶದ ಕ್ಯಾಲಿಬ್ರೇಶನ್ ಮ್ಯಾಟ್ರಿಕ್ಸ್‌ಗೆ (ಸ್ಪರ್ಶದ ಸ್ಥಾನವನ್ನು ಪರದೆಗೆ ಹೊಂದಿಸುವ ಸಂಖ್ಯೆಗಳ ಪಟ್ಟಿಗೆ) 0, -1, 1, 1, 0, 0 ಎಂಬ ಆರು ಸಂಖ್ಯೆಗಳನ್ನು ಇದೇ ಕ್ರಮದಲ್ಲಿ ಕೊಟ್ಟರೆ ಸ್ಪರ್ಶ 90 ಡಿಗ್ರಿ ಬಲಕ್ಕೆ ತಿರುಗುತ್ತದೆ. ತಲೆಕೆಳಗಾಗಿ ಕಂಡರೆ 0, 1, 0, -1, 0, 1 ಪ್ರಯತ್ನಿಸಿ. ಬದಲಿಸಿದ ಬಳಿಕ ಪೈಯನ್ನು ಒಮ್ಮೆ ಮರುಚಾಲನೆ ಮಾಡಿ. ಹಳೆಯ ಬರಹಗಳಲ್ಲಿ ಕಾಣುವ, ಎಕ್ಸ್ ಎಂಬ ಹಳೆಯ ಪ್ರದರ್ಶನ ವ್ಯವಸ್ಥೆಗಾಗಿ ಇರುವ ಎಕ್ಸ್‌ಇನ್‌ಪುಟ್ ಆಜ್ಞೆ ನಿಮಗೆ ಉಪಯೋಗಕ್ಕೆ ಬಾರದಿರಬಹುದು, ಏಕೆಂದರೆ ಪೈನ ಕಾರ್ಯಾಚರಣಾ ವ್ಯವಸ್ಥೆಯ 2023ರ ಬುಕ್‌ವರ್ಮ್ ಆವೃತ್ತಿಯಿಂದ ಪೈ 4ರಲ್ಲಿ ಅದರ ಬದಲು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆ ಸಹಜ ಆಯ್ಕೆಯಾಗಿದೆ.

ಗುರುತು ಹಾಕುವ ಚೌಕಗಳನ್ನು ದೊಡ್ಡದಾಗಿ ಮಾಡಿ. 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 36 ಪಿಕ್ಸೆಲ್‌ಗಳಾಗುತ್ತವೆ. ನಿಮ್ಮ ಚಿತ್ರ 4 ಮಿಲಿಮೀಟರ್ ಗಾಜಿನ ಹಿಂದಿದೆ, ಬೆರಳು ಅದರ ಮುಂದಿದೆ, ನೋಡುವವರ ಎತ್ತರ ಬದಲಾದಂತೆ ಅವೆರಡರ ಹೊಂದಾಣಿಕೆಯೂ ಜರುಗುತ್ತದೆ. ಆದ್ದರಿಂದ ಎರಡು ಸೆಂಟಿಮೀಟರ್, ಅಂದರೆ 72 ಪಿಕ್ಸೆಲ್‌ಗಿಂತ ಚಿಕ್ಕದಾದ ಚೌಕವನ್ನು ಇಡಬೇಡಿ.